ಜತ್ತಿಯವರು ಊರಿಗೆ ಏನ್ ಮಾಡ್ಯಾರ?

ಪುಣೇದಾಗ ನಮ್ಮ ಜಮಖಂಡಿ ಕಡೆಯವ್ರು ನಾಕು ಮಂದಿ ಕೂಡಿದ್ರ ಮಾತು ಹೆಂಗ ಹರೀತೈತಿ ಅನ್ನೋದು ನನಗ ಈಗ ಬಾಯಿಪಾಠ ಆಗೈತಿ. ಮೊದಲ ಮಳಿ, ಆಮ್ಯಾಲ ಕಬ್ಬಿನ ಬಿಲ್ಲು ಬಂತೋ ಇಲ್ಲೋ, ಆಮ್ಯಾಲ ಯಾರ ಮನ್ಯಾಗ ಲಗ್ನ, ಕಡೀಕ ಎಮ್ಮೆಲ್ಲೆ. ಎಮ್ಮೆಲ್ಲೆ ಮಾತು ಬಂತಂದ್ರ ಮುಗೀತು, ಚಹಾ ಆರಿ ಹೋದ್ರೂ ಯಾರೂ ಏಳೂದಿಲ್ಲ. ಇಲೆಕ್ಷನ್ ಬಂದಾಗ ಸ್ವಾರಗೇಟಿನಿಂದ ರಾತ್ರಿ ಬಸ್ ಹತ್ತಿ ಹೋಗಿ ವೋಟ್ ಹಾಕಿ ಮರುದಿನ ಮತ್ತ ಡ್ಯೂಟಿಗೆ ಬರೋ ಮಂದಿ ನಾವು, ಕೆಲವರ ಹೆಸರಂತೂ ವೋಟರ್ ಲಿಸ್ಟಿನ್ಯಾಗ ಇಲ್ಲಿಗೇ ಬದಲಾಗೈತಿ, ಆದ್ರೂ ಜಮಖಂಡಿ ಎಮ್ಮೆಲ್ಲೆ ಬಗ್ಗೆ ಮಾತಾಡೋ ಹಕ್ಕು ಮಾತ್ರ ಯಾರೂ ಬಿಟ್ಟುಕೊಟ್ಟಿಲ್ಲ.

ಹೋದ ಗಣಪತಿ ಹಬ್ಬದಾಗ ಕಾತ್ರಜ ಕಡೆ ಒಬ್ರ ಮನ್ಯಾಗ ಊಟ ಇತ್ತು, ಊರಿಂದ ನಮ್ಮ ಕಾಕಾನೂ ಬಂದಿದ್ರು. ಕಾಂಪಿಟೇಟಿವ್ ಎಕ್ಸಾಮಿಗೆ ಓದಾಕತ್ತಿದ್ದ ಹುಡುಗ ಒಬ್ಬಾಂವ ಉತ್ಸಾಹದಾಗ, ನಮ್ಮ ಜಮಖಂಡಿ ಎಮ್ಮೆಲ್ಲೆ ಒಬ್ರು ರಾಷ್ಟ್ರಪತಿ ಆಗಿದ್ರು ಗೊತ್ತೇನ್ರಿ ಅಂದ. ಕಾಕಾ ಅಡಕೊತ್ತು ಬಾಜೂಕ ಇಟ್ಟು, "ಹಂಗಾಮಿ. ಹಂಗಾಮಿ ರಾಷ್ಟ್ರಪತಿ. ಆದ್ರು ಖರೆ, ಊರಿಗೆ ಏನ್ ಮಾಡಿದ್ರು ಹೇಳು ನೋಡೂಣು? ಸಿದ್ದು ನ್ಯಾಮಗೌಡ್ರು ಕೃಷ್ಣಾ ನದಿಗೆ ಬ್ಯಾರೇಜ್ ಕಟ್ಟಿದ್ರು, ಹೋಗಿ ಕೈ ಹಚ್ಚಿ ನೋಡಬಹುದು. ಜತ್ತಿಯವರದು ಕೈ ಹಚ್ಚಾಕ ಏನೈತಿ?" ಅಂದ್ರು. ಹುಡುಗ ಸುಮ್ನಾದ. ನಾನೂ ಸುಮ್ನ ಇದ್ದೆ, ಆದ್ರ ಆ ಪ್ರಶ್ನೆ ಮಾತ್ರ ನನ್ನ ಬೆನ್ನು ಬಿಡವಲ್ದು. ಬಿ.ಡಿ. ಜತ್ತಿಯವರ ಬಗ್ಗೆ ನಮ್ಮ ಊರಾಗ ಎಲ್ಲಾರಿಗೂ ಹೆಮ್ಮೆ ಐತಿ, ಆದ್ರ ಯಾತಕ್ಕ ಹೆಮ್ಮೆ ಅಂದ್ರ ಕುರ್ಚಿಗಳ ಹೆಸರು ಹೇಳ್ತಾರ, ಕೆಲಸ ಹೇಳೂದಿಲ್ಲ.

ಮಳಿಗಾಲದ ರಾಜಧಾನಿ

ಪುಣೆ ಸ್ಟೇಶನ್ ಸನ್ಯಾಕ, ಕ್ಯಾಂಪಿಗೆ ಹೋಗೋ ದಾರ್ಯಾಗ, ಗೋಪುರ ಇರೋ ಒಂದು ಹಳೇ ಬ್ರಿಟಿಷ್ ಕಟ್ಟಡ ಐತಿ, ಕೌನ್ಸಿಲ್ ಹಾಲ್ ಅಂತಾರ. ಈಗ ಅಲ್ಲಿ ವಿಭಾಗೀಯ ಆಯುಕ್ತರ ಆಫೀಸು. ಮಂತ್ರಿಗಳ ಮೀಟಿಂಗ್ ಇದ್ದ ದಿನ ಬ್ಯಾರಿಕೇಡ್ ಹಾಕಿ ಟ್ರಾಫಿಕ್ ಜಾಮ್ ಆಗ್ತೈತಿ, ಪುಣೆ ಮಂದಿಗೆ ಅಷ್ಟೇ ಗೊತ್ತು. ಮುಂಬಯಿ ಸರ್ಕಾರ ಬ್ರಿಟಿಷರ ಕಾಲದಾಗ ಮಳಿಗಾಲ ಬಂತಂದ್ರ ಕಡತ ಕಟ್ಟಿಕೊಂಡು ಪುಣೆಗೆ ಬರ್ತಿತ್ತು, ಶಾಸನಸಭೆಯ ಮಳಿಗಾಲದ ಅಧಿವೇಶನ ಇದೇ ಕಟ್ಟಡದಾಗ ನಡೀತಿತ್ತು, ಸ್ವಾತಂತ್ರ್ಯ ಬಂದ ಮ್ಯಾಲೂ ಆ ರೂಢಿ ಕೆಲವು ವರ್ಷ ಉಳೀತು. ಮುಂಬೈದಾಗ ಸಭೆ ಕೂಡ್ತಿದ್ದದ್ದು ರೀಗಲ್ ಟಾಕೀಸಿನ ಎದುರಿನ ಹಳೇ ಸೇಲರ್ಸ್ ಹೋಮ್ ಕಟ್ಟಡದಾಗ, ಈಗ ಅದು ಮಹಾರಾಷ್ಟ್ರ ಪೊಲೀಸ್ ಹೆಡ್‌ಕ್ವಾರ್ಟರ್. ಬೆಳಗಾವಿ, ಬಿಜಾಪುರ, ಧಾರವಾಡ, ಕಾರವಾರ ಕಡಿಂದ ಆರಿಸಿ ಬಂದ ನಮ್ಮ ಕನ್ನಡ ಎಮ್ಮೆಲ್ಲೆಗಳು ಇವೆರಡು ಕಟ್ಟಡದಾಗ ಮರಾಠಿ ಮಂದಿ, ಗುಜರಾತಿ ಮಂದಿ ನಡುವ ಕೂತು ಬಂದಾರ. ನಾನು ಪುಣೆಗೆ ಬಂದ ಹೊಸದಾಗ ಏನೋ ಪರದೇಶಕ್ಕ ಬಂದಂಗ ಮಾಡ್ತಿದ್ದೆ. ನಮ್ಮ ಅಜ್ಜನ ಕಾಲದಾಗ ಇದು ಪರದೇಶ ಇರ್ಲೇ ಇಲ್ಲ, ಪರದೇಶ ಇದ್ದದ್ದು ಬೆಂಗಳೂರು. ಈಗೂ ಲೆಕ್ಕಾ ಹಾಕಿದ್ರ ಜಮಖಂಡಿಯಿಂದ ಪುಣೆ ಮುನ್ನೂರು ಚಿಲ್ಲರೆ ಕಿಲೋಮೀಟರ್, ಬೆಂಗಳೂರು ಐನೂರು ದಾಟ್ತೈತಿ.

ಆ ಸಭೆಯಾಗ ಎರಡು ನಮೂನಿ ಕನ್ನಡ ಮಂದಿ ಇದ್ರು ಅಂತ ನನಗ ಅನಸ್ತೈತಿ. ಒಬ್ರು ರೋಣ ತಾಲೂಕಿನ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರ ನಮೂನಿ. 1947ರಾಗ ಮುಂಬಯಿ ವಿಧಾನಸಭೆಯಾಗ ಕರ್ನಾಟಕ ಏಕೀಕರಣದ ಗೊತ್ತುವಳಿ ಮಂಡಿಸಿದವ್ರು ಅವ್ರೇ, ಆಮ್ಯಾಲ 1953ರಾಗ ಹೈದರಾಬಾದ್ ಕಾಂಗ್ರೆಸ್ ಅಧಿವೇಶನದಾಗ ಆಂಧ್ರಕ್ಕ ಹೂಂ ಅಂದು ಕರ್ನಾಟಕಕ್ಕ ಕೈ ಎತ್ತಿದ್ರು ಅಂತ ಎಮ್ಮೆಲ್ಲೆ ಸ್ಥಾನಕ್ಕ ರಾಜೀನಾಮೆ ಒಗದು ಊರಿಗೆ ಬಂದು ಉಪವಾಸ ಕೂತ್ರು. ಇನ್ನೊಂದು ನಮೂನಿ ಜತ್ತಿಯವರು. ರಾಜೀನಾಮೆ ಕೊಡೋ ಪೈಕಿ ಅಲ್ಲ, ಕುರ್ಚಿ ಮ್ಯಾಲ ಕೂತು ಫೈಲ್ ಓದೋ ಪೈಕಿ. ದೊಡ್ಡಮೇಟಿಯವರ ಕತಿ ಹೇಳಾಕ ಭಾಳ ರುಚಿ, ನವೆಂಬರ್ ಬಂತಂದ್ರ ಇಲ್ಲಿ ಕನ್ನಡದವರ ಕಾರ್ಯಕ್ರಮದಾಗ ಯಾರಾದ್ರೂ ಹೇಳೇ ಹೇಳ್ತಾರ. ಫೈಲ್ ಓದಿದವನ ಕತಿ ಹೆಂಗ ಹೇಳ್ತೀರಿ?

ಊರು ಅಲ್ಲೇ, ರಾಜ್ಯ ಬ್ಯಾರೆ ಬ್ಯಾರೆ

ಹೇಳಾಕ ಹೋದ್ರ ಹಿಂಗಾಗ್ತೈತಿ ನೋಡ್ರಿ. ಜಮಖಂಡಿ ತಾಲೂಕಿನ ಸಾವಳಗಿ ಹುಡುಗ, 1912ರಾಗ ಹುಟ್ಟಿದ್ದು, ಕೊಲ್ಲಾಪುರದ ಸೈಕ್ಸ್ ಲಾ ಕಾಲೇಜಿನ್ಯಾಗ ವಕೀಲಿ ಓದಿ ಜಮಖಂಡಿಗೆ ಬಂದು ಕೋರ್ಟಿಗೆ ಹೋಗಾಕ ಸುರು ಮಾಡಿದ್ರು. ಮುನ್ಸಿಪಾಲ್ಟಿ ಮೆಂಬರ್, 1945ರಾಗ ಅದರ ಅಧ್ಯಕ್ಷ. ಜಮಖಂಡಿ ಆಗ ಪಟವರ್ಧನ ಮಹಾರಾಜರ ಸಂಸ್ಥಾನ, ಆ ಸಂಸ್ಥಾನಕ್ಕೂ ಒಂದು ಶಾಸನಸಭೆ ಇತ್ತು, ಅಲ್ಲಿಗೆ ಆರಿಸಿ ಹೋದ್ರು, ಮಂತ್ರಿ ಆದ್ರು, ಕಡೀಕ ಸಂಸ್ಥಾನದ ಮುಖ್ಯಮಂತ್ರಿನೂ ಆದ್ರು. ಆಗಿದ್ದೇ ತಡ, 1948ರಾಗ ಸಂಸ್ಥಾನ ಮುಂಬಯಿ ರಾಜ್ಯದಾಗ ವಿಲೀನ ಆತು. ಮುಖ್ಯಮಂತ್ರಿ ಇದ್ದಾಂವ ಮತ್ತ ಕರಿ ಕೋಟು ಹಾಕ್ಕೊಂಡು ಅದೇ ಊರಿನ ಕೋರ್ಟಿಗೆ ಹೋದ. ಈಗಿನ ಕಾಲದಾಗ ಹಂಗ ಊಹಿಸಾಕೂ ಆಗೂದಿಲ್ಲ, ಒಮ್ಮೆ ನಿಗಮ ಮಂಡಳಿ ಅಧ್ಯಕ್ಷ ಆದಾಂವ ಸಾಯೂತನಕ ಕಾರಿನ ಮ್ಯಾಲಿನ ಬೋರ್ಡ್ ತಗಿಯೂದಿಲ್ಲ.

ಇಪ್ಪತ್ತು ತಿಂಗಳು ವಕೀಲಿ ಮಾಡಿದ್ರು, ಆಮ್ಯಾಲ ವಿಲೀನ ಆದ ಪ್ರದೇಶದ ಪರವಾಗಿ ಮುಂಬಯಿ ವಿಧಾನಸಭೆಗೆ ನಾಮನಿರ್ದೇಶನ ಆತು. ಹೋಗಿ ಒಂದು ವಾರದಾಗೇ ಮುಖ್ಯಮಂತ್ರಿ ಬಿ.ಜಿ. ಖೇರ್ ಅವರ ಪಾರ್ಲಿಮೆಂಟರಿ ಸೆಕ್ರೆಟರಿ. 1952ರ ಇಲೆಕ್ಷನ್ ಆದ ಮ್ಯಾಲ ಮೊರಾರ್ಜಿ ದೇಸಾಯಿ ಮುಖ್ಯಮಂತ್ರಿ, ಜತ್ತಿಯವರು ಆರೋಗ್ಯ ಮತ್ತ ಕಾರ್ಮಿಕ ಖಾತೆ ಉಪಮಂತ್ರಿ. ಮುಂಬೈ ಗಿರಣಿಗಳು ಮೂರು ಪಾಳಿ ಓಡ್ತಿದ್ದ ಕಾಲದ ಕಾರ್ಮಿಕ ಖಾತೆ ಅಂದ್ರ ಸಣ್ಣದಲ್ಲ. 1956ರ ನವೆಂಬರ್ ಒಂದಕ್ಕ ರಾಜ್ಯ ಪುನರ್ವಿಂಗಡಣೆ ಆದಾಗ ಮುಂಬಯಿ ಸಭೆಯ ಕನ್ನಡ ಜಿಲ್ಲಾಗಳ ಮೆಂಬರ್‌ಗಳು ಮತ್ತ ಇಲೆಕ್ಷನ್ ಇಲ್ಲದಂಗೇ ಮೈಸೂರು ವಿಧಾನಸಭೆ ಮೆಂಬರ್ ಆದ್ರು. ಮತದಾರರು ಅವ್ರೇ, ಊರು ಅದೇ, ಸಂಸ್ಥಾನ ಹೋಗಿ ಮುಂಬಯಿ ಬಂತು, ಮುಂಬಯಿ ಹೋಗಿ ಮೈಸೂರು ಬಂತು. ಹತ್ತು ವರ್ಷದ ಒಳಗ ಮೂರು ಶಾಸನಸಭೆ. 1958ರಾಗ ನಿಜಲಿಂಗಪ್ಪನವರು ಇಳದ ಮ್ಯಾಲ ಟಿ. ಸುಬ್ರಹ್ಮಣ್ಯ ಅವರನ್ನ ಸೋಲಿಸಿ ಶಾಸಕಾಂಗ ಪಕ್ಷದ ನಾಯಕ ಆದ್ರು, ಮುಂಬಯಿ ಕರ್ನಾಟಕದಿಂದ ಹೋದ ಮೊದಲನೇ ಮುಖ್ಯಮಂತ್ರಿ. 1962ರ ಇಲೆಕ್ಷನ್ನಿನ್ಯಾಗ ನಿಜಲಿಂಗಪ್ಪನವರು ಹೊಸದುರ್ಗದಾಗ ಸೋತ್ರೂ ಜತ್ತಿಯವರಿಗೆ ಕುರ್ಚಿ ಉಳೀಲಿಲ್ಲ, ನಡುವ ಮೂರು ತಿಂಗಳು ಎಸ್.ಆರ್. ಕಂಠಿಯವರು ಕೂತ್ರು, ನಿಜಲಿಂಗಪ್ಪನವರು ಬಾಗಲಕೋಟಿಯಿಂದ ಬೈಇಲೆಕ್ಷನ್ ಗೆದ್ದು ಬಂದ್ರು. ಅದೇ ನಿಜಲಿಂಗಪ್ಪನವರ ಕೈಯಾಗ ಜತ್ತಿಯವರು ಹಣಕಾಸು ಮಂತ್ರಿ ಆಗಿ ಕೆಲಸ ಮಾಡಿದ್ರು. ಮುನಿಸಿಕೊಂಡು ಬ್ಯಾರೆ ಪಕ್ಷ ಕಟ್ಟಲಿಲ್ಲ, ರೆಸಾರ್ಟಿಗೆ ಹೋಗಲಿಲ್ಲ (ಆಗ ರೆಸಾರ್ಟ್ ಇರ್ಲಿಲ್ಲ ಅನ್ನೋದೂ ಖರೆ).

ಮುಂದಿಂದು ಎಲ್ಲಾ ಪರೀಕ್ಷಾ ಗೈಡಿನ್ಯಾಗ ಐತಿ: 1968 ಪಾಂಡಿಚೇರಿ ಲೆಫ್ಟಿನೆಂಟ್ ಗವರ್ನರ್, 1972 ಒಡಿಶಾ ರಾಜ್ಯಪಾಲ, 1974 ಉಪರಾಷ್ಟ್ರಪತಿ.

ಒಂಬತ್ತು ವಿಧಾನಸಭೆ

ನನಗ ಹೆಚ್ಚು ತಲಿ ಕೊರದಿದ್ದು 1977. ಫೆಬ್ರುವರಿ 11ಕ್ಕ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡ್ರು, ಜತ್ತಿಯವರು ಹಂಗಾಮಿ ರಾಷ್ಟ್ರಪತಿ. ಮಾರ್ಚಿನ್ಯಾಗ ಇಂದಿರಾ ಗಾಂಧಿ ಸೋತ್ರು. ಮೊರಾರ್ಜಿ ದೇಸಾಯಿಗೆ ಪ್ರಧಾನಮಂತ್ರಿ ಪ್ರಮಾಣವಚನ ಬೋಧಿಸಿದವ್ರು ಯಾರು? ಮುಂಬೈದಾಗ ಅವರ ಕೈಕೆಳಗ ಉಪಮಂತ್ರಿ ಇದ್ದ ನಮ್ಮ ಜತ್ತಿಯವರು. ಇಪ್ಪತ್ತೈದು ವರ್ಷದ ಹಿಂದ "ಸಾಹೇಬ್ರ" ಅಂತ ಫೈಲ್ ಹಿಡಕೊಂಡು ಹೋಗ್ತಿದ್ದ ಮನಿಶ್ಯಾನ ಎದುರಿಗೆ ಮೊರಾರ್ಜಿ ನಿಂತು ಪ್ರತಿಜ್ಞೆ ಓದಿದ್ರು. ಇಬ್ರ ಮನಸಿನ್ಯಾಗ ಏನಿತ್ತೋ, ನಾನಾಗಿದ್ರ ನಗು ತಡಕೊಳ್ಳಾಕ ಆಗ್ತಿದ್ದಿಲ್ಲ.

ಮುಂದಿನ ತಿಂಗಳೇ ಜಗಳ. ಲೋಕಸಭೆಯಾಗ ಕಾಂಗ್ರೆಸ್ ತೊಳಕೊಂಡು ಹೋಗೈತಿ, ಅಂದ ಮ್ಯಾಲ ಕಾಂಗ್ರೆಸ್ ಇರೋ ಒಂಬತ್ತು ರಾಜ್ಯದ ವಿಧಾನಸಭೆ ವಿಸರ್ಜನೆ ಮಾಡಿ ಮತ್ತ ಇಲೆಕ್ಷನ್ ನಡಸ್ರಿ ಅಂತ ಗೃಹಮಂತ್ರಿ ಚರಣ್ ಸಿಂಗ್ ಪಟ್ಟು. ಉತ್ತರಪ್ರದೇಶ, ಬಿಹಾರ, ಬಂಗಾಳ, ಪಂಜಾಬ ಎಲ್ಲಾ ಆ ಪಟ್ಟಿಯಾಗ. ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋದ್ರು, ಏಪ್ರಿಲ್ 29ಕ್ಕ ಕೋರ್ಟ್ ಅವರ ಅರ್ಜಿ ವಜಾ ಮಾಡ್ತು. ಸಂಪುಟದ ಶಿಫಾರಸು ಟೇಬಲ್ ಮ್ಯಾಲ ಬಂತು, ಜತ್ತಿಯವರು ಕೂಡ್ಲೇ ಸಹಿ ಹಾಕಲಿಲ್ಲ. ದಿಲ್ಲಿಯಾಗ ಗದ್ದಲೋ ಗದ್ದಲ. ಹಿಂದಿನ ವರ್ಷನೇ 42ನೇ ತಿದ್ದುಪಡಿಯಾಗ ರಾಷ್ಟ್ರಪತಿ ಸಂಪುಟದ ಸಲಹೆಯಂತೇ ನಡೀಬೇಕು ಅಂತ ಬರದಾಗಿತ್ತು, ತಿರುಗಿ ಕಳಸೋ ಅಧಿಕಾರನೂ ಆಗ ಇರ್ಲಿಲ್ಲ, ಅದು ಬಂದದ್ದು 44ನೇ ತಿದ್ದುಪಡಿಯಾಗ. ಮರುದಿನ, 30ಕ್ಕ, ಸಹಿ ಬಿತ್ತು.

ಇದಕ್ಕ ನಾನು ಒಂದು ಚಂದನ ಕಾರಣ ಹುಡುಕಿ ಇಟ್ಟುಕೊಂಡಿದ್ದೆ. ತಾನು ಕೂತ ಸಭೆ ತನ್ನ ಕಣ್ಣೆದುರಿಗೇ ಇಲ್ಲದಂಗ ಆಗಿದ್ದನ್ನ ನೋಡಿದಾಂವ, ಜಮಖಂಡಿ ಶಾಸನಸಭೆ ಒಂದು ವಿಲೀನಪತ್ರದಾಗ ಕರಗಿ ಹೋತು, ಅಂಥಾಂವಗ ಒಂಬತ್ತು ಸಭೆ ಮುಚ್ಚೋ ಕಾಗದಕ್ಕ ಸಹಿ ಹಾಕಾಕ ಕೈ ಬರ್ಲಿಲ್ಲ, ಹಳೇ ಎಮ್ಮೆಲ್ಲೆಯ ಕರುಳು ಚುರ್ ಅಂತು ಅಂತ. ಭಾಳ ದಿನ ಇದನ್ನ ನಾನೇ ನಂಬಿದ್ದೆ, ಮಂದಿಗೂ ಹೇಳಿದ್ದೆ. ಆಮ್ಯಾಲ ಒಡಿಶಾ ಕತಿ ಓದಿದೆ. 1973ರಾಗ ಅಲ್ಲಿನ ಕಾಂಗ್ರೆಸ್ ಮುಖ್ಯಮಂತ್ರಿ ನಂದಿನಿ ಸತ್ಪಥಿ ಬಹುಮತ ಕಳಕೊಂಡು ರಾಜೀನಾಮೆ ಕೊಟ್ಟಾಗ ವಿರೋಧ ಪಕ್ಷದ ಬಿಜು ಪಟ್ನಾಯಕ್ ನನ್ನ ಕಡೆ ಮಂದಿ ಅದಾರ, ನನಗ ಕರೀರಿ ಅಂತ ನಿಂತಿದ್ರು. ರಾಜ್ಯಪಾಲ ಜತ್ತಿಯವರು ಅವರಿಗೆ ಕರೀಲಿಲ್ಲ, ರಾಷ್ಟ್ರಪತಿ ಆಡಳಿತಕ್ಕ ಶಿಫಾರಸು ಮಾಡಿದ್ರು, ಸಭೆ ಹೋತು. ಅವತ್ತು ಕರುಳು ಎಲ್ಲಿ ಹೋಗಿತ್ತು? 1973ರಾಗ ಸಭೆ ಮುಚ್ಚೂದು ಕಾಂಗ್ರೆಸ್ಸಿಗೆ ಬೇಕಾಗಿತ್ತು, 1977ರಾಗ ಮುಚ್ಚದ ಇರೂದು ಕಾಂಗ್ರೆಸ್ಸಿಗೆ ಬೇಕಾಗಿತ್ತು. ಎಮರ್ಜೆನ್ಸಿ ಪೂರ್ತಿ ಉಪರಾಷ್ಟ್ರಪತಿಯಾಗಿ ರಾಜ್ಯಸಭೆ ನಡಿಸಿದವ್ರೂ ಅವ್ರೇ. ಒಳ್ಳೇ ಮನಿಶ್ಯಾ, ಬಸವಣ್ಣನ ಭಕ್ತ, 1964ರಾಗ ಬೆಂಗಳೂರಾಗ ಬಸವ ಸಮಿತಿ ಕಟ್ಟಿದವ್ರು, ಎಲ್ಲಾ ಖರೆ. ಆದ್ರ ಪಕ್ಷ ಹೇಳಿದ್ದಕ್ಕ ಎದುರು ನಿಲ್ಲೋ ಜೀವ ಅಲ್ಲ. ನನ್ನ ಚಂದನ ಕಾರಣ ಅಲ್ಲಿಗೆ ಬಿದ್ದು ಹೋತು.

ಕೈ ಹಚ್ಚಿ ನೋಡೂದು

ಕಾಕಾ ಹೇಳಿದ ಬ್ಯಾರೇಜಿನ ಮಾತಿಗೆ ಯಾರೂ ಎದುರು ಹೇಳಾಕಾಗೂದಿಲ್ಲ. ಕೃಷ್ಣಾ ದಂಡಿ ಮ್ಯಾಲಿನ ಚಿಕ್ಕಪಡಸಲಗಿಯಾಗ ಸಿದ್ದು ನ್ಯಾಮಗೌಡರ ಮುಂದಾಳತ್ವದಾಗ ರೈತರೇ ರೊಕ್ಕ ಕೂಡಿಸಿ, ಮೈಮುರದು ದುಡದು, 1989ರಾಗ ಶ್ರಮಬಿಂದು ಸಾಗರ ಕಟ್ಟಿ ನಿಲ್ಲಿಸಿದ್ರು. ಸರ್ಕಾರ ಕಟ್ಟಿದ್ದಲ್ಲ. ಮ್ಯಾಲೆ ಎರಡು ವರ್ಷಕ್ಕ, 1991ರಾಗ, ಬಾಗಲಕೋಟಿ ಲೋಕಸಭೆಗೆ ನಿಂತ ರಾಮಕೃಷ್ಣ ಹೆಗಡೆಯವರಂಥ ಹೆಗಡೆಯವರನ್ನ ಈ ಬ್ಯಾರೇಜ್ ಮನಿಶ್ಯಾ ಸೋಲಿಸಿ ದಿಲ್ಲಿಗೆ ಹೋಗಿ ಮಂತ್ರಿ ಆದ್ರು. ಆಮ್ಯಾಲ 2013 ಮತ್ತ 2018ರಾಗ ಜಮಖಂಡಿ ಎಮ್ಮೆಲ್ಲೆ. 2018ರ ಮೇ ತಿಂಗಳದಾಗ ಗೆದ್ದು ಇನ್ನೂ ಹದಿನೈದು ದಿನ ಆಗಿರ್ಲಿಲ್ಲ, ದಿಲ್ಲಿಯಿಂದ ಗೋವಾಕ್ಕ ಬಂದು ಅಲ್ಲಿಂದ ಕಾರಿನ್ಯಾಗ ಊರಿಗೆ ಬರೋವಾಗ ಆಕ್ಸಿಡೆಂಟ್ ಆಗಿ ತೀರಿಕೊಂಡ್ರು. ಆ ದಿನ ಪುಣೇದಾಗ ನಮ್ಮ ವಾಟ್ಸಾಪ್ ಗ್ರೂಪಿನ್ಯಾಗ ಪಕ್ಷ ಯಾವುದು ಅಂತ ಯಾರೂ ನೋಡ್ಲಿಲ್ಲ, ಎಲ್ಲಾರೂ ಬ್ಯಾರೇಜಿನ ಫೋಟೋ ಹಾಕಿದ್ರು.

ಹಂಗಾದ್ರ ಜತ್ತಿಯವರದು? ಕಾಕಾನ ಪ್ರಶ್ನೆಗೆ ಉತ್ತರ ನನಗ ಸಿಕ್ಕಿದ್ದು ಊರಾಗ ಅಲ್ಲ, ಸದಾಶಿವ ಪೇಟೆಯಾಗ.

ಸದಾಶಿವ ಪೇಟೆಯ ಆಜಿ

ಟಿಳಕ ರೋಡಿನ ಎಸ್.ಪಿ. ಕಾಲೇಜ್ ಪುಣೇದಾಗ ಯಾರಿಗೆ ಗೊತ್ತಿಲ್ಲ. 1916ರಾಗ ಸುರು ಆದಾಗ ನ್ಯೂ ಪೂನಾ ಕಾಲೇಜ್ ಅಂತ ಇತ್ತು, ಜಮಖಂಡಿ ಮಹಾರಾಜರು ದೊಡ್ಡ ದೇಣಿಗಿ ಕೊಟ್ಟ ಮ್ಯಾಲ ಸರ್ ಪರಶುರಾಮಭಾವು ಕಾಲೇಜ್ ಆತು. ನನ್ನ ದೋಸ್ತ ಒಬ್ಬಾಂವ ಅದರ ಹಿಂದಿನ ಗಲ್ಲಿಯಾಗ ಮನಿ ಬಾಡಿಗಿ ಹಿಡದಿದ್ದ, ಕೆಳಗ ಮಾಲಕರು, ತೊಂಬತ್ತರ ಹತ್ರದ ಒಬ್ರು ಆಜಿ. ನಾನು ಜಮಖಂಡಿಯಾಂವ ಅಂತ ಅವನ ಬಾಯಿಂದ ಗೊತ್ತಾಗಿ ಒಂದಿನ ಕೆಳಗ ಕರಿಸಿದ್ರು. ಹೋದ್ರ ಆಜಿ ನಮ್ಮ ಊರಿನ ಕನ್ನಡದಾಗ, ಅಂದ್ರ ಬ್ರಾಹ್ಮಣರ ಓಣಿಯ ಕನ್ನಡದಾಗ, "ಬಾಪಾ, ಒಳಗ ಬಾ. ಯಾವ ಓಣಿ ನಿಮ್ದು? ಪೋಲೋ ಮೈದಾನದ ಹಂತ್ಯಾಕ ಏನು?" ಅಂದ್ರು. ನಮ್ಮದು ಊರಾಗ ಅಲ್ರಿ, ಹಳ್ಳಿ ಅಂದೆ. ಯಾವ ಹಳ್ಳಿ? ಹೇಳಿದೆ. ಮುಖ ಅರಳ್ತು. ಅವರ ಗಂಡನ ಮನಿಯವರಿಗೆ ನಮ್ಮ ಬಾಜೂಕಿನ ಹಳ್ಳಿಯಾಗ ಜಮೀನು ಇತ್ತಂತ, ಸುಗ್ಗಿಯಾಗ ಎತ್ತಿನ ಗಾಡಿ ಮ್ಯಾಲ ಜ್ವಾಳದ ಚೀಲ ಬರ್ತಿದ್ವಂತ, ಸಣ್ಣ ಸೊಸಿ ಆಗಿ ಬಂದ ಆಜಿ ಅಂಗಳದಾಗ ನಿಂತು ಚೀಲ ಎಣಿಸ್ತಿದ್ರಂತ.

ಒಂದು ತಾಟಿನ್ಯಾಗ ಅವಲಕ್ಕಿ ಇಟ್ಟು, ಹಗರ್ಕ ಕೇಳಿದ್ರು: "ನಿಮ್ಮಜ್ಜ ಕುಳ ಇದ್ರೇನು?"

ಆ ಮಾತು ಅವರ ಬಾಯಿಂದ ಕೇಳಿ ಒಂದು ಕ್ಷಣ ನನಗ ಅವಲಕ್ಕಿ ಇಳೀಲಿಲ್ಲ. ಹೌದು, ನಮ್ಮಜ್ಜ ಕುಳ. ಮಂದಿ ಹೊಲ ಲಾವಣಿ ಮಾಡಿದಾಂವ, ಬೆಳದದ್ದರಾಗ ಅರ್ಧ ಅಳದು ಕೊಟ್ಟು ಉಳದದ್ದರಾಗ ಏಳು ಮಕ್ಕಳ ಸಾಕಿದಾಂವ. ಹೂನ್ರಿ ಆಜಿ ಅಂದೆ. "ನಮ್ದೆಲ್ಲಾ ಕುಳಕಾಯ್ದೆದಾಗ ಹೋತು" ಅಂದ್ರು. ಬೈದಂಗಲ್ಲ, ಅತ್ತಂಗೂ ಅಲ್ಲ, ಮಳಿ ಬಂದು ಹೋತು ಅಂದಂಗ ಅಂದ್ರು. ನಾನು ಇಷ್ಟು ದಿನ ಮನ್ಯಾಗ ಕೇಳಿದ್ದು "ಕುಳಕಾಯ್ದೆದಾಗ ಬಂತು" ಅಂತ.

ಮನಿಗೆ ಬಂದು ಕೂತು ಆ ಕಾಯ್ದೆ ಎಲ್ಲಿಂದ ಬಂತು ಅಂತ ಓದಾಕ ಹತ್ತಿದಾಗ ಜತ್ತಿಯವರು ಮತ್ತ ಸಿಕ್ರು. ಏಕೀಕರಣ ಆದಾಗ ಹೊಸ ರಾಜ್ಯದಾಗ ಹಳೇ ಮೈಸೂರು, ಮುಂಬಯಿ, ಹೈದರಾಬಾದ್, ಮದ್ರಾಸ್, ಕೊಡಗು ಐದೂ ಕಡೆದು ಐದು ನಮೂನಿ ಜಮೀನು ಕಾಯ್ದೆ. ಒಂದೇ ಗೇಣಿ ತಕರಾರಿಗೆ ಬೆಳಗಾವಿಯಾಗ ಒಂದು ತೀರ್ಪು, ರಾಯಚೂರಾಗ ಇನ್ನೊಂದು. ಇದನ್ನ ಒಂದಾಗಿ ಮಾಡಾಕ 1957ರಾಗ ಮಾಡಿದ ಸಮಿತಿಗೆ ಜತ್ತಿಯವರು ಅಧ್ಯಕ್ಷ. ಆ ವರದಿ ಮ್ಯಾಲಿಂದ ಬಂದದ್ದೇ 1961ರ ಭೂಸುಧಾರಣಾ ಕಾಯ್ದೆ, ಅವರೇ ಮುಖ್ಯಮಂತ್ರಿ ಇದ್ದಾಗ. ಜಾರಿ ಆಗಾಕ ಮಾತ್ರ 1965ರ ಅಕ್ಟೋಬರ್ ಬರಬೇಕಾತು, ಅಷ್ಟರಾಗ ಶಾಣ್ಯಾ ಜಮೀನ್ದಾರರು ಹೊಲ ಹೆಂಡ್ತಿ ಮಕ್ಕಳ ಹೆಸರಿಗೆ ಹಂಚಿ ಮುಗಿಸಿದ್ರು. ಕಾಯ್ದೆಯಾಗ ಇದ್ದದ್ದು ಇಷ್ಟು: ಹೊಲ ಇಟ್ಟುಕೊಳ್ಳಾಕ ಇಪ್ಪತ್ತೇಳು ಸ್ಟ್ಯಾಂಡರ್ಡ್ ಎಕರೆ (ಮಣ್ಣು, ನೀರು ನೋಡಿ ಲೆಕ್ಕ ಹಾಕೋ ಎಕರೆ) ಮಿತಿ, ಸ್ವಂತ ಸಾಗುವಳಿ ಮಾಡ್ತೀವಿ ಅಂತ ಹೇಳಿ ಹೊಲ ವಾಪಸ್ ತಗೊಳ್ಳಾಕ ದಾರಿ. ಕುಳಗಳಿಗೆ ಖರೆ ಖರೆ ಹೊಲ ಸಿಕ್ಕಿದ್ದು 1974ರ ತಿದ್ದುಪಡಿ ಆದ ಮ್ಯಾಲ, ದೇವರಾಜ ಅರಸರ ಕಾಲದಾಗ, ಕುಳಗಳ ಅರ್ಜಿ ಫಾರಂ ನಂಬರ್ 7 ತುಂಬಿ ಲ್ಯಾಂಡ್ ಟ್ರಿಬ್ಯೂನಲ್ ಮುಂದ ನಿಂತಾಗ. ಹಂಗಾಗಿ ನಮ್ಮ ಮನ್ಯಾಗ ಫೋಟೋ ಇರೂದು ಅರಸರದು. ಅದು ಸರೀನೂ ಐತಿ. ಆದ್ರ ಅರಸರು ತಿದ್ದಿದ್ದು ಇದೇ 1961ರ ಕಾಯ್ದೆ, ತಿದ್ದಾಕ ಒಂದು ಕಾಯ್ದೆ ಇತ್ತಲ್ಲ ಅನ್ನೂದನ್ನ ಯಾರೂ ಲೆಕ್ಕಕ್ಕ ಹಿಡಿಯೂದಿಲ್ಲ. ಬುನಾದಿ ಹಾಕಿದ ಗೌಂಡಿ ಹೆಸರು ಮನಿ ಶಾಂತಿಯ ದಿನ ಯಾರು ಕೇಳ್ತಾರ? ಅರ್ಧಂಬರ್ಧ ಕಾಯ್ದೆ ಮಾಡಿದ್ರು ಅಂತ ಜತ್ತಿಯವರನ್ನ ಬೈಯಬಹುದು, ನಾನೂ ಬೈತೀನಿ, ಜಮೀನ್ದಾರರೇ ತುಂಬಿದ್ದ ಪಕ್ಷದಾಗ ಇದ್ದುಕೊಂಡು ಅದಕ್ಕಿಂತ ಮುಂದ ಹೋಗೋ ಧೈರ್ಯ ಅವರಿಗೆ ಇರ್ಲಿಲ್ಲ. ಏನೂ ಮಾಡ್ಲಿಲ್ಲ ಅನ್ನೂದು ಮಾತ್ರ ಸುಳ್ಳು. ನಮ್ಮ ನಾಕೆಕರೆ ಹೊಲದ ಉತಾರ (ಪಹಣಿ) ತಗದು ಕೈ ಹಚ್ಚಿ ನೋಡಿದ್ರ ಅದರಾಗ ಅವರ ಕೆಲಸನೂ ಸ್ವಲ್ಪ ಹತ್ತತೈತಿ.

ಆಜಿ ಹತ್ರ ಆಮ್ಯಾಲೂ ಹೋಗ್ತಿರ್ತೀನಿ, ಕನ್ನಡ ಮಾತಾಡಾಕ ಅವರಿಗೊಬ್ರು ಬೇಕು. ಮೊನ್ನೆ ಹೋದಾಗ ಆ ಕಡೆ ಈಗ ಏನ್ ಬೆಳೀತಾರ ಅಂತ ಕೇಳಿದ್ರು. ಕಬ್ಬು ಅಂದೆ. "ಕಬ್ಬು? ಆ ಕೆಂಪು ಹೊಲದಾಗ? ನೀರೆಲ್ಲಿಂದ ತರ್ತೀರಿ?" ಅಂದ್ರು. ಬ್ಯಾರೇಜಿನ ಸುದ್ದಿ ಹೇಳಿದೆ, ಸರ್ಕಾರ ಅಲ್ಲ, ಮಂದಿನೇ ರೊಕ್ಕ ಹಾಕಿ ಕಟ್ಟಿದ್ದು ಅಂದೆ, ಅದನ್ನ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡ್ರು. ಆಮ್ಯಾಲ ಎಕರೆಗೆ ಏನ್ ರೇಟ್ ನಡದದ ಈಗ ಅಂತ ಕೇಳಿದ್ರು. ಹೇಳಿದೆ. ಆಜಿ ಕನ್ನಡಕ ತಗದು ನನ್ನ ಮುಖ ನೋಡಿ, ಒಳಗ ಟೀವಿ ನೋಡಾಕತ್ತಿದ್ದ ಮಗನಿಗೆ ಮರಾಠಿಯಾಗ ಜೋರಾಗಿ ಆ ರೇಟ್ ಒದರಿ ಹೇಳಿದ್ರು, ಅವ್ರು ಅಲ್ಲಿಂದಲೇ ಏನೋ ಲೆಕ್ಕ ಹಾಕಿ ಇನ್ನೊಂದು ನಂಬರ್ ಒದರಿದ್ರು, ಆಜಿ ನಗಾಕ ಸುರು ಮಾಡಿದ್ರು, ಮತ್ತ ನನಗ ಇನ್ನೊಂದು ಕಪ್ ಚಹಾ ಇಡಾಕ ಸೊಸಿಗೆ ಹೇಳಿದ್ರು.